ಬನ್ನಿ ಎಲೆ, ಪಸ್ಕದ ರೊಟ್ಟಿ ಮತ್ತು ಹೊಲದ ಅಂಚು

ದಸರಾ ಹತ್ತಿರ ಬಂದರೆ ಸಾಕು, ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಅದೇ ಹಳೇ ಚರ್ಚೆ ಶುರುವಾಗುತ್ತದೆ. ಆಫೀಸಿನಲ್ಲಿ ಆಯುಧ ಪೂಜೆ ಇದೆ, ಹೋಗಿ ನಿಲ್ಲಬಹುದಾ? ಪೂಜೆ ಆದಮೇಲೆ ಹಂಚುವ ಚುರುಮುರಿ, ಪೇಢೆ ತಿನ್ನಬಹುದಾ? ಗಾಡಿಗೆ ಯಾರೋ ಹಾರ ಹಾಕಿಬಿಟ್ಟರೆ ತೆಗೀಬೇಕಾ, ಹಾಗೇ ಬಿಡಬೇಕಾ? ಅದು ತಣ್ಣಗಾಗುವಷ್ಟರಲ್ಲಿ ಡಿಸೆಂಬರ್ ಬರುತ್ತದೆ. ಆಗ ಇನ್ನೊಂದು ಫಾರ್ವರ್ಡ್. ಡಿಸೆಂಬರ್ 25 ರೋಮನ್ನರ ಸೂರ್ಯದೇವನ ಹಬ್ಬ, ನಿಜವಾದ ವಿಶ್ವಾಸಿ ಕ್ರಿಸ್ಮಸ್ ಮಾಡಬಾರದು ಅಂತ. ಏಪ್ರಿಲ್ ಹೊತ್ತಿಗೆ ಮೂರನೆಯದು. ಕ್ರಿಸ್ಮಸ್, ಈಸ್ಟರ್ ಎಲ್ಲ ಮನುಷ್ಯರು ಕಟ್ಟಿದ್ದು, ದೇವರೇ ಹೇಳಿದ ಹಬ್ಬಗಳು ಬೈಬಲ್ಲಿನ ಯಾಜಕಕಾಂಡ 23ನೇ ಅಧ್ಯಾಯದಲ್ಲಿವೆ, ಎಲ್ಲರೂ ಸೇರಿ ಪಸ್ಕ ಹಬ್ಬ ಆಚರಿಸೋಣ ಅಂತ. ಪಸ್ಕ ಅಂದರೆ ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ಮಾಡುವ ಹಬ್ಬ.

ಧಾರವಾಡದ ಕ್ರೈಸ್ತ ಮನೆಯಲ್ಲಿ ಬೆಳೆದವರಿಗೆ ಈ ಮೂರೂ ವಾದ ಹೊಸದಲ್ಲ. ಮೊದಲನೆಯವರು ಪಕ್ಕದ ಮನೆಯ ಹಬ್ಬಕ್ಕೆ ಹೆದರುತ್ತಾರೆ, ಎರಡನೆಯವರು ನಮ್ಮದೇ ಹಬ್ಬಕ್ಕೆ, ಮೂರನೆಯವರು ಯೆಹೂದ್ಯರ ಹಬ್ಬವೇ ಬೇಕು ಅನ್ನುತ್ತಾರೆ. ಆದರೆ ಮೂವರೂ ಹುಡುಕುತ್ತಿರುವುದು ಒಂದನ್ನೇ. ಎಲ್ಲಿಯೂ ಕಲಬೆರಕೆ ಆಗದ ಒಂದು ಕ್ಯಾಲೆಂಡರ್. ಅಂಥದ್ದು ಬೈಬಲ್ಲಿನಲ್ಲೇ ಇಲ್ಲ ಅನ್ನುವುದು ನನ್ನ ವಾದ.

ಮೊದಲು ಬನ್ನಿ ವಿಷಯ ಹೇಳುತ್ತೇನೆ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜಯದಶಮಿಯ ಸಂಜೆ ಬನ್ನಿ ಗಿಡಕ್ಕೆ ಪೂಜೆ ಆಗುತ್ತದೆ. ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟ ಗಿಡ ಅದು. ಆಮೇಲೆ ಜನ ಅದರ ಎಲೆ ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಚಿಕ್ಕವರು ದೊಡ್ಡವರ ಕಾಲು ಮುಟ್ಟುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಬಾಗಿಲಿಗೆ ಬರುತ್ತಾರೆ. ನಮ್ಮ ಪಕ್ಕದ ಮನೆಯ ಕಾಕಾ ಪ್ರತಿ ದಸರಾಕ್ಕೂ ಬಿಳಿ ಅಂಗಿ ಹಾಕಿಕೊಂಡು, ಮುಷ್ಟಿಯಲ್ಲಿ ಎಲೆ ಹಿಡಿದು ಬರುತ್ತಿದ್ದರು. "ತಗೋರಿ, ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತಿದ್ದರು. ಅಪ್ಪ ಎರಡೂ ಕೈಯಿಂದ ಎಲೆ ತಗೊಂಡು ಅವರನ್ನು ಅಪ್ಪಿಕೊಳ್ಳುತ್ತಿದ್ದರು. "ಹೌದ್ರೀ ಕಾಕಾ, ಇರೋಣ." ಅಮ್ಮ ಚಹಾ, ಅವಲಕ್ಕಿ ಚೂಡಾ ತಂದಿಡುತ್ತಿದ್ದಳು. ಎಲೆ ಅಪ್ಪನ ಅಂಗಿಯ ಜೇಬಿಗೆ ಹೋಗುತ್ತಿತ್ತು. ವಾರದ ಮೇಲೆ ಬಟ್ಟೆ ಒಗೆಯುವಾಗ ಒಣಗಿದ ಪುಡಿಯಾಗಿ ಹೊರಗೆ ಬರುತ್ತಿತ್ತು.

ನಮ್ಮ ಅಜ್ಜಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ಆ ಗಿಡಕ್ಕ ಪೂಜಿ ಮಾಡಿರ್ತಾರ" ಅನ್ನುತ್ತಿದ್ದಳು. ಅಪ್ಪನ ಉತ್ತರವೂ ಬದಲಾಗಲಿಲ್ಲ. "ಪೂಜಿ ಗಿಡಕ್ಕ ಮಾಡ್ಯಾರ ಅವ್ವಾ, ಕೈ ನನಗ ಕೊಟ್ಟಾರ."

ಚಿಕ್ಕವರಿದ್ದಾಗ ನಾವೆಲ್ಲ ಅಪ್ಪನ ಕಡೆ. ಅಜ್ಜಿಯದು ಸುಮ್ನೆ ಮಡಿವಂತಿಕೆ ಅನ್ನಿಸುತ್ತಿತ್ತು. ಆದರೆ ಅವಳ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬಾಸೆಲ್ ಮಿಷನ್ ಅನ್ನುವ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಮಂಗಳೂರಿಗೆ ಬಂದಿದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಜರ್ಮನಿ, ಸ್ವಿಟ್ಜರ್‌ಲ್ಯಾಂಡಿನ ಆ ಭಕ್ತರು ತುಂಬ ಕಟ್ಟುನಿಟ್ಟಿನವರು. ಸಭೆಗೆ ಸೇರಿದವರು ಜಾತಿ ಬಿಡಬೇಕು, ಹಳೆಯ ಹಬ್ಬ ಬಿಡಬೇಕು. ಇವತ್ತು ನಾವು ಇದನ್ನು ಪರದೇಶದವರ ದಬ್ಬಾಳಿಕೆ ಅಂತ ಸುಲಭವಾಗಿ ಬೈದುಬಿಡುತ್ತೇವೆ. ಸ್ವಲ್ಪ ತಾಳಿ. ಊರಹಬ್ಬದಲ್ಲಿ ಯಾರು ಹಲಗೆ ಬಾರಿಸಬೇಕು, ಯಾರು ಎಷ್ಟು ದೂರ ನಿಲ್ಲಬೇಕು, ಯಾರ ಊಟ ಕೊನೆಗೆ ಅನ್ನುವುದೆಲ್ಲ ಹುಟ್ಟಿನಿಂದಲೇ ನಿಗದಿಯಾಗಿದ್ದ ಕಾಲ ಅದು. ಆ ದೂರದಲ್ಲಿ ನಿಂತವರಿಗೆ ಹಬ್ಬ ಬಿಡುವುದು ಅಂದರೆ ಏನೋ ಕಳಕೊಂಡಂತೆ ಆಗಿರಲಿಕ್ಕಿಲ್ಲ. ಇನ್ನು ನಾನು ಅಲ್ಲಿ ಹೋಗಿ ನಿಲ್ಲಬೇಕಾಗಿಲ್ಲ ಅನ್ನುವ ನಿರಾಳ ಅದು. ಬನ್ನಿ ಎಲೆಯನ್ನು ಕೈಗೆ ಕೊಡುವ ಕಾಕಾ ಅಪ್ಪನಿಗೆ ಸಿಕ್ಕರು. ಅಜ್ಜಿಯ ಅಜ್ಜಿಗೆ ಸಿಕ್ಕಿದ್ದರೋ ಇಲ್ಲವೋ.

ಕರಾವಳಿಯ ಕಥೋಲಿಕರ ದಾರಿಯೇ ಬೇರೆ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಅದೇ ಮೊಂತಿ ಫೆಸ್ತ್, ಅದೇ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಮರಿಯಮ್ಮನವರಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗಿ ಮನೆಮನೆಗೆ ಹಂಚಿಕೆಯಾಗುತ್ತದೆ. ಮನೆಯಲ್ಲಿ ಹೊಸ ಅಕ್ಕಿ ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಮೀನು, ಮಾಂಸ ಇಲ್ಲದೆ ಬಾಳೆಲೆಯ ಊಟ. ಪಕ್ಕದ ತುಳು ಮನೆಗಳಲ್ಲೂ ಹೊಸ ಅಕ್ಕಿ ಊಟ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮಣ್ಣು ಒಂದೇ, ಮಳೆ ಒಂದೇ, ತೆನೆ ಬೇರೆ ತಿಂಗಳಲ್ಲಿ ಹೇಗೆ ಬರುತ್ತದೆ? ಊರಿನ ಹಬ್ಬವನ್ನು ಹೀಗೆ ತಮ್ಮದಾಗಿಸಿಕೊಳ್ಳುವ ಸಂಪ್ರದಾಯ ರೋಮಿನಲ್ಲಿ ಬಹಳ ಹಳೆಯದು. 601ರಲ್ಲಿ ಪೋಪ್ ಗ್ರೆಗರಿ ಸುವಾರ್ತೆ ಸಾರಲು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್‌ಗೆ ಒಂದು ಪತ್ರ ಬರೆದರು. ಅಲ್ಲಿನ ಗುಡಿಗಳನ್ನು ಕೆಡವಬೇಡಿ, ವಿಗ್ರಹ ಮಾತ್ರ ತೆಗೆಯಿರಿ, ಹಬ್ಬದ ದಿನ ಜನ ಚರ್ಚಿನ ಸುತ್ತ ಮರದ ಕೊಂಬೆಗಳ ಚಪ್ಪರ ಹಾಕಿಕೊಂಡು ಉಂಡು ಸಂತೋಷಪಡಲಿ ಅಂತ. ಪ್ರೊಟೆಸ್ಟೆಂಟರಿಗೆ ಇದೆಲ್ಲ ಕಲಬೆರಕೆ ಅನ್ನಿಸುತ್ತದೆ. ನನಗೆ ಹೊಟ್ಟೆಕಿಚ್ಚು ಅನ್ನಿಸುತ್ತದೆ, ಬೇರೇನೂ ಇಲ್ಲ.

ಇನ್ನು ತಿನ್ನುವ ವಿಷಯ. ಮೊದಲ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಕಾಲದಲ್ಲಿ, ಗ್ರೀಸಿನ ಕೊರಿಂಥದ ಮಾಂಸದಂಗಡಿಗೆ ಬರುತ್ತಿದ್ದ ಮಾಂಸದಲ್ಲಿ ಎಷ್ಟೋ ಪಾಲು ಗುಡಿಗಳಲ್ಲಿ ಅರ್ಪಿತವಾಗಿ ಬಂದದ್ದು. ವಿಶ್ವಾಸಿಗಳು ಏನು ಮಾಡಬೇಕು? ಪೌಲ ಕೊಡುವ ಉತ್ತರ ಎಷ್ಟು ಮನೆವಾರ್ತೆಯದು ನೋಡಿ. ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ. ಅನ್ಯರು ಊಟಕ್ಕೆ ಕರೆದರೆ, ಹೋಗಬೇಕು ಅನ್ನಿಸಿದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಯಾರಾದರೂ ಇದು ವಿಗ್ರಹಕ್ಕೆ ಇಟ್ಟದ್ದು ಅಂತ ಹೇಳಿದರೆ, ಹೇಳಿದವನ ಮನಸ್ಸಿಗಾಗಿ ತಿನ್ನಬೇಡಿ. ನಿಮ್ಮ ಮನಸ್ಸಿಗಾಗಿ ಅಲ್ಲ, ಅವನ ಮನಸ್ಸಿಗಾಗಿ. ಗುಡಿಯೊಳಗಿನ ಆರಾಧನೆಯಲ್ಲಿ ಪಾಲು ತಗೊಳ್ಳುವುದು ಮಾತ್ರ ಬೇಡವೇ ಬೇಡ ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳು 15ರಲ್ಲಿ ಜೆರುಸಲೇಮಿನ ಹಿರಿಯರು ಇದಕ್ಕಿಂತ ಬಿಗಿಯಾಗಿ, ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಅಂತಲೇ ಬರೆದರು. ಎರಡೂ ಬೈಬಲ್ಲಿನಲ್ಲೇ ಇವೆ. ಅಜ್ಜಿಗೆ ಒಂದು, ಅಪ್ಪನಿಗೆ ಒಂದು!

ದೀಪಾವಳಿಗೆ ಕಾಕಾನ ಮನೆಯಿಂದ ತಾಟು ಬರುತ್ತಿತ್ತು. ಉಂಡಿ, ಚಕ್ಕುಲಿ, ಶಂಕರಪಾಳಿ, ಮೇಲೊಂದು ಕಸೂತಿಯ ಬಟ್ಟೆ. ತರುವವರು ಕಾಕಾನ ಹೆಂಡತಿ, ನಮ್ಮ ಕಾಕು. ಒಂದು ಸಲ ಅಜ್ಜಿ ಬಾಗಿಲಲ್ಲಿ ಸ್ವಲ್ಪ ಹಿಂಜರಿದಿದ್ದನ್ನು ಅವರು ಕಂಡಿರಬೇಕು. ಮುಂದಿನ ವರ್ಷ ತಾಟು ಕೊಡುವಾಗ ಮೆಲ್ಲಗೆ ಹೇಳಿದರು, "ನೈವೇದ್ಯಕ್ಕಿಂತ ಮೊದಲ ತೆಗೆದಿಟ್ಟೇನ್ರೀ, ನಿಮ್ಮ ಮನಿಗಂತ." ನೈವೇದ್ಯ ಆಗುವ ತನಕ ಮಕ್ಕಳ ಬಾಯಿಗೂ ಒಂದು ಚೂರು ಹಾಕದ ಮನೆ ಅದು. ಮಡಿ ಅಂದರೆ ಮಡಿ. ಅಂಥವರು ನಮ್ಮ ಅಜ್ಜಿಯ ಸಂಕೋಚಕ್ಕಾಗಿ ತಮ್ಮ ಮನೆಯ ನೇಮ ಮುರಿದಿದ್ದರು. ಪೌಲನ ಪತ್ರ ಓದದ ಕಾಕು ಅವನು ಹೇಳಿದ್ದನ್ನೇ ಮಾಡಿದರು, ಆಚೆ ದಡದಿಂದ. ಎದುರಿಗಿದ್ದವರ ಮನಸ್ಸಿಗಾಗಿ. ಆಮೇಲೆ ಅಜ್ಜಿ ಆ ತಾಟನ್ನು ಒಳಗೆ ತಗೊಂಡು ಹೋಗಿ ಏನು ಮಾಡಿದಳು ಅಂತ ಕೇಳಬೇಡಿ, ಚಕ್ಕುಲಿ ಅವಳಿಗೆ ಬಹಳ ಇಷ್ಟ. ಕ್ರಿಸ್ಮಸ್ಸಿಗೆ ಅದೇ ತಾಟಿನಲ್ಲಿ ಕರ್ಜಿಕಾಯಿ, ಕೇಕು ಹೋಗುತ್ತಿತ್ತು. ಕೇಕಿಗೆ ತತ್ತಿ ಹಾಕದೆ ಮಾಡಿ ಅಂತ ಅಜ್ಜಿಯೇ ಅಮ್ಮನಿಗೆ ತಾಕೀತು ಮಾಡುತ್ತಿದ್ದಳು.

ಈಗ ಡಿಸೆಂಬರ್ 25ರ ಫಾರ್ವರ್ಡಿಗೆ ಬರೋಣ. ಅದರಲ್ಲಿ ಪೂರಾ ಸುಳ್ಳೇನಿಲ್ಲ. ರೋಮಿನ ಚಕ್ರವರ್ತಿ ಆರೇಲಿಯನ್ 274ರಲ್ಲಿ ಸೂರ್ಯದೇವನಿಗೆ ದೊಡ್ಡ ಗುಡಿ ಕಟ್ಟಿಸಿದ. 354ರ ಒಂದು ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬವೂ ಇದೆ, ಕ್ರಿಸ್ತನ ಜನನವೂ ಇದೆ. ಯಾರು ಯಾರಿಂದ ತಗೊಂಡರು ಅನ್ನುವುದು ವಿದ್ವಾಂಸರಲ್ಲಿ ಇನ್ನೂ ಜಗಳ. ಇನ್ನೊಂದು ಲೆಕ್ಕವೂ ಇದೆ. ಯೇಸು ತಾಯಿಯ ಗರ್ಭದಲ್ಲಿ ಬಂದದ್ದೂ ಶಿಲುಬೆಯಲ್ಲಿ ಸತ್ತದ್ದೂ ಮಾರ್ಚ್ 25 ಅಂತ ಹಳಬರು ಎಣಿಸಿದ್ದರು, ಅಲ್ಲಿಂದ ಒಂಬತ್ತು ತಿಂಗಳು ಸೇರಿಸಿದರೆ ಡಿಸೆಂಬರ್ 25. ಸುವಾರ್ತೆಗಳಲ್ಲಂತೂ ತಾರೀಕೇ ಇಲ್ಲ.

ಈ ಕಾರಣಕ್ಕೇ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರು 1647ರಲ್ಲಿ ಪಾರ್ಲಿಮೆಂಟಿನಿಂದ ಕ್ರಿಸ್ಮಸ್ ರದ್ದು ಮಾಡಿಸಿದರು. ಕ್ಯಾಂಟರ್ಬರಿಯಲ್ಲಿ ಗಲಾಟೆಯೇ ಆಯಿತು. ಅಮೆರಿಕಾದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ, ಅದು ತೆಗೆದದ್ದು 1681ರಲ್ಲಿ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ಸಿಗೆ ಸಾರ್ವಜನಿಕ ರಜೆ ಬಂದದ್ದು 1958ರಲ್ಲಿ ಅಂದರೆ ನಂಬ್ತೀರಾ? ಇವರೆಲ್ಲ ಕ್ರಿಸ್ತನ ವಿರೋಧಿಗಳಲ್ಲ, ಬೈಬಲ್ಲಿನಲ್ಲಿ ಇಲ್ಲದ್ದು ಬೇಡ ಅಂದವರು. ನಮ್ಮ ಗುಂಪಿನ ಫಾರ್ವರ್ಡ್ ಮಾಡುವ ಬ್ರದರ್‌ಗೆ ತಾನು ಪ್ಯೂರಿಟನ್ ಅಂತ ಗೊತ್ತಿಲ್ಲ, ಅಷ್ಟೇ.

ಹೊಸ ವರ್ಷದ ವಿಷಯದಲ್ಲಿ ಮಾತ್ರ ನಮ್ಮವರಿಗೆ ಯಾವ ಸಂಕೋಚವೂ ಇಲ್ಲ. ಜನವರಿ 1 ರೋಮನ್ನರ ವರ್ಷಾರಂಭ, ತಿಂಗಳ ಹೆಸರಿನಲ್ಲೇ ಅವರ ದೇವತೆ ಇದ್ದಾನೆ. ಆದರೂ ಡಿಸೆಂಬರ್ 31ರ ರಾತ್ರಿ ಚರ್ಚು ತುಂಬಿ ತುಳುಕುತ್ತದೆ. ವರ್ಷಪೂರ್ತಿ ಮುಖ ತೋರಿಸದವರೂ ಬಂದು ವಾಗ್ದಾನದ ಚೀಟಿ ಎತ್ತುತ್ತಾರೆ. ಬೈಬಲ್ ವಚನ ಬರೆದ ಚೀಟಿ ಅದು, ಬಂದದ್ದು ಆ ವರ್ಷಕ್ಕೆ ನಿಮಗೆ ದೇವರ ಮಾತು. ಒಳ್ಳೇದು ಬರಲಿಲ್ಲ ಅಂತ ಇನ್ನೊಂದು ಎತ್ತಿದವರನ್ನೂ ನೋಡಿದ್ದೇನೆ. ಬಸ್‌ಸ್ಟ್ಯಾಂಡಿನ ಗಿಣಿಶಾಸ್ತ್ರದವನ ಪಂಜರಕ್ಕೂ ಇದಕ್ಕೂ ನಡುವೆ ಗಿಣಿ ಒಂದೇ ವ್ಯತ್ಯಾಸ ಅಂತ ನಾನು ಒಮ್ಮೆ ಅಂದಾಗ ಯಾರೂ ನಗಲಿಲ್ಲ.

ದೇಶದ, ನಾಡಿನ ಹಬ್ಬಗಳಲ್ಲೂ ಇದೇ ತಕರಾರು ಸಣ್ಣದಾಗಿ ಇರುತ್ತದೆ. ರಾಜ್ಯೋತ್ಸವದ ದಿನ ಧ್ವಜ ಹಾರಿಸುವುದಕ್ಕೆ ಎಲ್ಲರೂ ಮುಂದು. ಭುವನೇಶ್ವರಿ ಪಟಕ್ಕೆ ಆರತಿ ಅನ್ನುವಾಗ ಕೆಲವರು ಒಂದು ಹೆಜ್ಜೆ ಹಿಂದೆ. ಇದರ ತುದಿಗೆ ಹೋದವರು ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ಅವರು ಕ್ರಿಸ್ಮಸ್ಸೂ ಮಾಡೋಲ್ಲ, ಹುಟ್ಟುಹಬ್ಬವೂ ಇಲ್ಲ, ರಾಷ್ಟ್ರಗೀತೆಯನ್ನೂ ಹಾಡೋಲ್ಲ. ಕೇರಳದ ಶಾಲೆಯೊಂದರಲ್ಲಿ ಆ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಆದರೆ ಹಾಡಲಿಲ್ಲ. ಶಾಲೆ ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಅವರ ನಂಬಿಕೆ ನನ್ನದಲ್ಲ. ಆದರೆ ಎದ್ದು ನಿಂತು ಸುಮ್ಮನಿರುವುದಕ್ಕೂ ಒಂದು ಮರ್ಯಾದೆ ಇದೆ. ಆಯುಧ ಪೂಜೆಯ ದಿನ ಆಫೀಸಿನಲ್ಲಿ ನಾನು ಮಾಡುವುದೂ ಅದನ್ನೇ. ಮಂಗಳಾರತಿಗೆ ಕೈ ಚಾಚೋಲ್ಲ. ಮುಂಚಿನ ದಿನ ಎಲ್ಲರ ಜೊತೆ ಕಸ ಹೊಡೆದು, ಬಣ್ಣದ ಕಾಗದ ಅಂಟಿಸಿರುತ್ತೇನೆ. ಇವತ್ತಿನವರೆಗೂ ಯಾರೂ ಯಾಕೆ ಅಂತ ಕೇಳಿಲ್ಲ.

ಹಾಗಾದರೆ ಬೈಬಲ್ಲಿನ ಹಬ್ಬಗಳು? ಈಗೀಗ ಕೆಲವು ಸಭೆಗಳಲ್ಲಿ ಪಸ್ಕದ ಊಟ ಮಾಡುತ್ತಾರೆ. ಕಹಿ ಸೊಪ್ಪು, ದ್ರಾಕ್ಷಾರಸ, ಹುಳಿಯಿಲ್ಲದ ರೊಟ್ಟಿ. ನಮ್ಮೂರಿನಲ್ಲಿ ದಿನಾ ತಿನ್ನುವ ಜೋಳದ ರೊಟ್ಟಿಗೂ ಹುಳಿ ಇಲ್ಲ, ಆದರೆ ಇದಕ್ಕೆ ಆನ್‌ಲೈನಿನಲ್ಲಿ ತರಿಸಿದ ಪ್ಯಾಕೆಟ್ಟೇ ಬೇಕು. ಎಲೆ, ಕೊಂಬೆಗಳ ಗುಡಿಸಲು ಕಟ್ಟಿ ಆಚರಿಸುವ ಪರ್ಣಶಾಲೆಗಳ ಹಬ್ಬಕ್ಕೆ ಜೆರುಸಲೇಮಿಗೇ ಹೋಗುವವರಿದ್ದಾರೆ. 1980ರಿಂದ ಅಲ್ಲಿ ಕ್ರೈಸ್ತರು ದೇಶದೇಶಗಳಿಂದ ಬಂದು ಆ ಹಬ್ಬ ಮಾಡುತ್ತಾರೆ. ಯೇಸು ಆಚರಿಸಿದ್ದನ್ನು ನಾವೂ ಆಚರಿಸಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಇವತ್ತಿನ ಪಸ್ಕದ ಊಟದ ಕ್ರಮ ಬಹುಪಾಲು ರೂಪುಗೊಂಡದ್ದು ಕ್ರಿಸ್ತಶಕ 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ, ಕುರಿ ಬಲಿ ಕೊಡಲು ಜಾಗವೇ ಇಲ್ಲದಾದಾಗ, ಯೆಹೂದ್ಯರು ಮನೆಯ ಊಟದ ಸುತ್ತ ಕಟ್ಟಿಕೊಂಡದ್ದು. ಅದು ಅವರ ನೋವಿನಿಂದ ಬಂದ ಕ್ರಮ. ಅದನ್ನು ಎತ್ತಿ ತಂದು ಪವರ್‌ಪಾಯಿಂಟ್ ಹಾಕಿ, ಇದೆಲ್ಲ ನಮ್ಮ ಬಗ್ಗೆಯೇ ಹೇಳಿದ್ದು ಅನ್ನುವಾಗ ನನಗೆ ಇರಿಸುಮುರಿಸಾಗುತ್ತದೆ. ಯೂರೋಪಿನಲ್ಲಿ ಎಷ್ಟೋ ಶತಮಾನ ಈಸ್ಟರ್ ಹತ್ತಿರ ಬಂದರೆ ಯೆಹೂದ್ಯರು ಬಾಗಿಲು ಹಾಕಿಕೊಂಡು ನಡುಗುತ್ತಿದ್ದರು, ಕ್ರೈಸ್ತರಿಗೆ ಹೆದರಿ. ಅದನ್ನು ಆ ಪವರ್‌ಪಾಯಿಂಟಿನಲ್ಲಿ ಯಾರೂ ಹಾಕೋಲ್ಲ.

ಬೈಬಲ್ಲಿನ ಕ್ಯಾಲೆಂಡರೇ ಶುದ್ಧ ಅನ್ನುವವರು ಎಸ್ತೇರಳ ಪುಸ್ತಕ ಓದಲಿ. ಪೂರಿಮ್ ಹಬ್ಬವನ್ನು ಮೋಶೆ ಹೇಳಲಿಲ್ಲ. ಪರ್ಷಿಯಾದಲ್ಲಿ ಜೀವ ಉಳಿಸಿಕೊಂಡ ಜನ ತಾವೇ ಮಾಡಿಕೊಂಡ ಹಬ್ಬ ಅದು. ಆ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಬರೋಲ್ಲ. ಹಬ್ಬದ ವಿಧಿ ಅಂತ ಇರುವುದು ಇಷ್ಟೇ: ಉಂಡು ಸಂತೋಷಪಡಿ, ಒಬ್ಬರಿಗೊಬ್ಬರು ತಿಂಡಿ ಕಳಿಸಿ, ಬಡವರಿಗೆ ಕೊಡಿ. ಕಾಕುವಿನ ತಾಟು ಎಸ್ತೇರಳಿಗೆ ಗೊತ್ತಿತ್ತು! ಹನುಕ್ಕಾ ಇನ್ನೂ ಈಚಿನದು. ಕ್ರಿಸ್ತಪೂರ್ವ 164ರಲ್ಲಿ ಮಕ್ಕಬಿಯರು ಅನ್ನುವ ಯೆಹೂದ್ಯ ಹೋರಾಟಗಾರರು ದೇವಾಲಯವನ್ನು ಶತ್ರುಗಳಿಂದ ಬಿಡಿಸಿ ಮತ್ತೆ ಪ್ರತಿಷ್ಠೆ ಮಾಡಿದ ನೆನಪು. ಯಾಜಕಕಾಂಡದಲ್ಲಿ ಅದಿಲ್ಲ. ಯೋಹಾನನ ಸುವಾರ್ತೆ 10ರಲ್ಲಿ ನೋಡಿ, ಪ್ರತಿಷ್ಠೆಯ ಹಬ್ಬ, ಚಳಿಗಾಲ, ಯೇಸು ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದಾನೆ. ಮನುಷ್ಯರು ಮಾಡಿದ ಹಬ್ಬ ಅಂತ ಮನೆಯಲ್ಲಿ ಕೂರಲಿಲ್ಲ.

ಪೌಲನ ಮಾತನ್ನೂ ಎರಡೂ ಕಡೆಯವರು ಎಳೆದಾಡುತ್ತಾರೆ. ದಿನ, ತಿಂಗಳು, ಕಾಲ, ವರ್ಷ ಅಂತ ಆಚರಿಸುತ್ತಿದ್ದೀರಲ್ಲ ಅಂತ ಗಲಾತ್ಯದವರನ್ನು ಬೈದವನು ಅವನೇ. ಪಸ್ಕದಿಂದ ಐವತ್ತು ದಿನಕ್ಕೆ ಬರುವ ಪಂಚಾಶತ್ತಮ ಹಬ್ಬಕ್ಕೆ ಜೆರುಸಲೇಮ್ ತಲುಪಬೇಕು ಅಂತ ಹಡಗಿನಲ್ಲಿ ಆತುರಪಟ್ಟವನೂ ಅವನೇ. ರೋಮಾಪುರದವರಿಗೆ ಬರೆದದ್ದು ಮಾತ್ರ ಸ್ಪಷ್ಟ. ಒಬ್ಬನಿಗೆ ಒಂದು ದಿನ ಹೆಚ್ಚು, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ, ಅವರವರ ಮನಸ್ಸಿನಲ್ಲಿ ಖಾತ್ರಿ ಇರಲಿ, ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ.

ಇದನ್ನು ಮಾಡಿ ತೋರಿಸಿದವರು ಇಬ್ಬರು. ಎರಡನೇ ಶತಮಾನದಲ್ಲಿ ಏಷ್ಯಾ ಮೈನರಿನ, ಅಂದರೆ ಈಗಿನ ತುರ್ಕಿಯ, ಸಭೆಗಳು ಯೆಹೂದ್ಯರ ನಿಸಾನ್ ತಿಂಗಳ 14ರಂದೇ ಕ್ರೈಸ್ತರ ಪಸ್ಕ, ಅಂದರೆ ಈಗಿನ ಈಸ್ಟರ್, ಮಾಡುತ್ತಿದ್ದವು, ವಾರ ಯಾವುದಾದರೂ ಸರಿ. ರೋಮಿನವರು ಭಾನುವಾರವೇ ಆಗಬೇಕು ಅನ್ನುತ್ತಿದ್ದರು. ಸ್ಮರ್ನಾದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೇಟಸ್ ಜೊತೆ ಮಾತಾಡಿದ. ಇವನಿಗೆ ಅವನನ್ನು ಒಪ್ಪಿಸಲಾಗಲಿಲ್ಲ, ಅವನಿಗೆ ಇವನನ್ನು. ಆದರೂ ಇಬ್ಬರೂ ಕೂಡಿ ಕರ್ತನ ಭೋಜನ ತಗೊಂಡರು. ಅದನ್ನು ನಡೆಸುವ ಗೌರವವನ್ನೂ ಅನಿಸೇಟಸ್ ಅತಿಥಿಗೇ ಕೊಟ್ಟ. ಮುಂದೆ ವಿಕ್ಟರ್ ಅನ್ನುವ ರೋಮಿನ ಬಿಷಪ್ ಏಷ್ಯಾದವರನ್ನು ಹೊರಗೆ ಹಾಕಲು ಹೊರಟಾಗ, ಲಿಯೋನಿನ ಬಿಷಪ್ ಐರೇನಿಯಸ್ ಈ ಊಟವನ್ನೇ ನೆನಪಿಸಿ ಪತ್ರ ಬರೆದು ಬುದ್ಧಿ ಹೇಳಿದ. ಚರ್ಚಿನ ಚರಿತ್ರೆಯಲ್ಲಿ ಜಗಳ ಇಷ್ಟು ಚೆನ್ನಾಗಿ ಮುಗಿದ ಉದಾಹರಣೆ ಜಾಸ್ತಿ ಇಲ್ಲ.

ಯಾಜಕಕಾಂಡ 23ನ್ನೇ ಪಾಲಿಸಬೇಕು ಅನ್ನುವವರಿಗೆ ನಾನು ಕೇಳುವುದು ಒಂದೇ. ಆ ಅಧ್ಯಾಯದಲ್ಲಿ ಸಬ್ಬತ್, ಪಸ್ಕ, ಪ್ರಥಮ ಫಲ, ವಾರಗಳ ಹಬ್ಬ ಅಂತ ಸಾಲಾಗಿ ದಿನದ ಲೆಕ್ಕ ಬರುತ್ತದೆ. ನಟ್ಟನಡುವೆ, 22ನೇ ವಚನದಲ್ಲಿ, ಇದ್ದಕ್ಕಿದ್ದಂತೆ ಹೊಲದ ಮಾತು. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಅದು ಬಡವರಿಗೂ ಪರದೇಶಿಗೂ. ಆಮೇಲೆ ಮತ್ತೆ ತುತೂರಿಯ ಹಬ್ಬ, ದೋಷಪರಿಹಾರಕ ದಿನ, ಪರ್ಣಶಾಲೆ. ಹಬ್ಬದ ಪಟ್ಟಿಯೊಳಗೆ ಇದಕ್ಕೇನು ಕೆಲಸ? ಧರ್ಮೋಪದೇಶಕಾಂಡ 16ರಲ್ಲಿ ಪರ್ಣಶಾಲೆಯ ಹಬ್ಬಕ್ಕೆ ಯಾರ್ಯಾರು ಬರಬೇಕು ಅಂತ ಇದೆ: ಮಕ್ಕಳು, ಆಳುಗಳು, ಲೇವಿಯರು, ಪರದೇಶಿ, ಅನಾಥ, ವಿಧವೆ. ತಾರೀಕಿನಷ್ಟೇ ಖಡಾಖಂಡಿತವಾಗಿ ಅತಿಥಿಗಳ ಹೆಸರೂ ಹೇಳಿಬಿಟ್ಟಿದೆ. ಆದರೆ ಹಬ್ಬಗಳ ಚಾರ್ಟ್ ಹಂಚುವವರ ಚಾರ್ಟಿನಲ್ಲಿ 22ನೇ ವಚನ ಇರೋದೇ ಇಲ್ಲ, ಯಾಕಂದರೆ ಅದಕ್ಕೆ ತಾರೀಕಿಲ್ಲ.

ನಮ್ಮ ಸಭೆಯಲ್ಲಿ ಇದಕ್ಕೆ ಹತ್ತಿರ ಇರುವುದು ಸುಗ್ಗಿ ಹಬ್ಬ. ಅದೂ ಶುದ್ಧ ಏನಲ್ಲ. ಚರ್ಚಿನೊಳಗಿನ ಈಗಿನ ರೂಪ ಇಂಗ್ಲೆಂಡಿನಲ್ಲಿ 1843ರಲ್ಲಿ ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಅನ್ನುವ ಹಳ್ಳಿಯ ಪಾದ್ರಿ ಹಾಕರ್ ಶುರು ಮಾಡಿದ್ದು ಅನ್ನುತ್ತಾರೆ. ಜರ್ಮನ್ನರಿಗೂ ತಮ್ಮದೇ ಸುಗ್ಗಿಯ ಹಬ್ಬ ಇತ್ತು. ನಮ್ಮಲ್ಲಿ ವೇದಿಕೆಗೆ ಕಬ್ಬು ಕಟ್ಟಿ, ಜೋಳದ ತೆನೆ, ಬ್ಯಾಡಗಿ ಮೆಣಸಿನಕಾಯಿ, ಬದನೆಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ಸಾಲಾಗಿ ಇಡುತ್ತಾರೆ. ಪ್ರಾರ್ಥನೆಯ ನಡುವೆ ಕೋಳಿ ಕೂಗುತ್ತದೆ, ಮಕ್ಕಳು ನಗುತ್ತಾರೆ. ಆಮೇಲೆ ಲಿಲಾವು. ಹತ್ತು ರೂಪಾಯಿಯ ನಿಂಬೆಹಣ್ಣು ಐನೂರಕ್ಕೆ ಹೋಗುತ್ತದೆ. ಕೊಂಡವರು "ಮತ್ತೊಮ್ಮೆ ಇಡ್ರಿ" ಅಂತ ವಾಪಸ್ ಕೊಡುತ್ತಾರೆ. ಅದೇ ಕುಂಬಳಕಾಯಿ ಎಷ್ಟು ಸಲ ಮಾರಾಟವಾಗುತ್ತದೋ. ಲಿಲಾವಿಗೆ ಅಕ್ಕಪಕ್ಕದ ಓಣಿಯವರೂ ಬರುತ್ತಾರೆ. ಕಾಕಾನ ಮಗ ಪ್ರತಿ ಸಲ ಹಟಕ್ಕೆ ಬಿದ್ದು ಕಬ್ಬಿನ ಹೊರೆ ಹಿಡಿಯುತ್ತಾನೆ.

ಈ ವರ್ಷ ಯುವಕರ ಗುಂಪು ಹಟ ಹಿಡಿದಿದೆ, ಸುಗ್ಗಿ ಹಬ್ಬದ ಜೊತೆಗೇ ಪರ್ಣಶಾಲೆ ಕಟ್ಟೋಣ ಅಂತ. ಕಮಿಟಿಯಲ್ಲಿ ಎರಡು ತಾಸು ವಾದ ನಡೆಯಿತು. ಯೆಹೂದ್ಯರ ಹಬ್ಬ ನಮಗ್ಯಾಕೆ ಅಂತ ಹಿರಿಯರು, ದೇವರ ಹಬ್ಬ ರೀ ಅದು ಅಂತ ಹುಡುಗರು. ಚಪ್ಪರ ಅಂತ ಕರೆಯಿರಿ, ಪರ್ಣಶಾಲೆ ಅನ್ನಬೇಡಿ ಅಂತ ಸಭಾಪಾಲಕರು ನಡುದಾರಿ ಹೇಳಿದರು. ನಾನು ಕೇಳಿದ್ದು ಅದರಲ್ಲಿ ಊಟಕ್ಕೆ ಯಾರನ್ನು ಕರೀತೀರಿ ಅಂತ. ಚರ್ಚಿನ ಹಿಂದೆ ಕಟ್ಟಡ ಏಳುತ್ತಿದೆ, ಬೇರೆ ಜಿಲ್ಲೆಯಿಂದ ಬಂದ ಕೂಲಿಯವರು ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಾರೆ. ಅವರನ್ನು ಕರೆದು ಮೊದಲ ಪಂಕ್ತಿಗೆ ಕೂರಿಸುವುದಾದರೆ ಹೆಸರು ಏನಾದರೂ ಇಡಿ ಅಂದೆ. ಹುಡುಗರು ಒಪ್ಪಿದರು. ಹಿರಿಯರು ಖರ್ಚಿನ ಲೆಕ್ಕ ಕೇಳಿದರು. ಕಬ್ಬು ಯಾರ ಹೊಲದಿಂದ, ಸಾರಿಗೆ ಕೋಳಿಯೋ ಕಾಳೋ ಅನ್ನುವುದು ಮುಂದಿನ ಭಾನುವಾರದ ಕಮಿಟಿಗೆ ಹೋಗಿದೆ.